ಜಪಾನಿ ಬಾರದ ಹುಡುಗಿ

ಸಿಂಗಪುರದ ಆ ಶಾಲೆಯಲ್ಲಿ ಬೆಳಿಗ್ಗೆ ಜಪಾನಿಯಲ್ಲಿ ಪಾಠ, ಮಧ್ಯಾಹ್ನ ಇಂಗ್ಲಿಷಿನಲ್ಲಿ. ಎರಡನೇ ಕ್ಲಾಸಿನಲ್ಲಿ ಇಂಚರ ಒಬ್ಬಳನ್ನು ಬಿಟ್ಟರೆ ಮಿಕ್ಕವರೆಲ್ಲ ಜಪಾನಿನ ಮಕ್ಕಳೇ. ಟೀಚರು ಅವಳ ತಾಯಿ ರೇವತಿಯನ್ನು ಕರೆಸಿ, "ಆರು ತಿಂಗಳಾದರೂ ನಿಮ್ಮ ಮಗಳ ಬಾಯಲ್ಲಿ ಒಂದು ಜಪಾನಿ ಪದವೂ ಬಂದಿಲ್ಲ" ಎಂದು ಇಂಗ್ಲಿಷಿನಲ್ಲಿ ನಯವಾಗಿಯೇ ಹೇಳಿದರು.

ರೇವತಿಗೆ ತಲೆ ತಗ್ಗಿಸುವಂತಾಯಿತು. ಹೊರಗೆ ಬಂದವಳೇ, ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲವೆಂಬ ಧೈರ್ಯದಿಂದ, ಮಗಳನ್ನು ಅವಳ ಗೆಳತಿಯರ ಎದುರಿಗೇ ಕನ್ನಡದಲ್ಲಿ ತರಾಟೆಗೆ ತೆಗೆದುಕೊಂಡಳು.

"ಇಷ್ಟು ದಿನ ಇಲ್ಲಿ ಏನೇ ಕಡಿದು ಕಟ್ಟೆ ಹಾಕ್ತಿದ್ದೆ?"

ಇಂಚರಳ ಪಕ್ಕದಲ್ಲಿದ್ದ ಸಹಪಾಠಿ, ಪುಟ್ಟ ಯೂಕೊ, ಗಾಬರಿಯಿಂದ ರೇವತಿಯ ದುಪಟ್ಟಾ ಜಗ್ಗಿದಳು.

"ಬೈಬೇಡಿ ಆಂಟಿ, ನಾಳೆ ನಮಗೆಲ್ಲ ಕಾಗುಣಿತ ಟೆಸ್ಟ್ ಇದೆ. ಸಿಟ್ಟು ಬಂದ್ರೆ ಇವಳು ಮಾರ್ಕ್ಸೇ ಕೊಡಲ್ಲ!"