ಸಾಹೇಬನ ನಾಯಿಗೆ ಬೂದಿ

ಬಚ್ಚಲೊಲೆಯ ಬೂದಿಯ ವಾಸನೆ ಬಂದರೆ ಇವತ್ತಿಗೂ ನನಗೆ ಹಳದೀಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ಹೊನ್ನಾವರದ ಬಂಗಲೆಯ ಇಂಗ್ಲಿಷ್ ಸಾಹೇಬ ದೇಶ ಬಿಟ್ಟು ಹೊರಟಾಗ, ಒಳ್ಳೆಯ ಮನೆ ಸಿಗದಿದ್ದರೆ ಗುಂಡು ಹೊಡೆಯಿರಿ ಎಂದು ಹೇಳಿ ತನ್ನ ಗಿಡ್ಡಕಾಲಿನ ಕೆಂಚು ನಾಯಿಯನ್ನು ಬಿಟ್ಟುಹೋಗಿದ್ದ. ನಮಗೆ ಕೊಡಿ ಎಂದು ಅಜ್ಜಿ ಕೇಳಿಬಂದಿದ್ದಳು. ಮನೆ ನೋಡಲು ಬಂಗಲೆಯ ಗುಮಾಸ್ತರು ನಾಯಿಯನ್ನೂ ಕರೆದುಕೊಂಡೇ ಬಂದರು. ಅಂಗಳದಲ್ಲಿ ಗುರುಗುಟ್ಟುತ್ತಿದ್ದ ನಮ್ಮ ನಾಯಿಗಳ ಹಿಂಡು ಕಂಡು ಮೂಗು ಮುರಿದರು.

"ಇದು ಸೋಪು ಹಚ್ಚಿ ಮೀಯಿಸಿದ ನಾಯಿ ಅಮ್ಮ. ನಿಮ್ಮವು ಬೂದಿಯಲ್ಲಿ ಮಲಗೂವು. ಕೊಡೂಕಾಗೂದಿಲ್ಲ."

"ಅವು ಗುರುಗುಡೂದು ಆ ಸೋಪಿನ ವಾಸ್ನೆಗೆ," ಎಂದಳು ಅಜ್ಜಿ.

ನಮ್ಮ ನಾಯಿಗಳು ಮಲಗುತ್ತಿದ್ದ ಬಚ್ಚಲೊಲೆಯಿಂದ ಬೊಗಸೆ ತುಂಬ ಬೂದಿ ತಂದಳು. ಹೊಸ ನಾಯಿ ಬಂದಾಗಲೆಲ್ಲ ಅವಳು ಮಾಡುತ್ತಿದ್ದುದು ಇದನ್ನೇ. ಗುಮಾಸ್ತರು ಬೇಡ ಬೇಡ ಎನ್ನುತ್ತಿದ್ದಂತೆಯೇ ಆ ಮಿರುಗುವ ಮೈಗೆಲ್ಲ ತಿಕ್ಕಿದಳು. ನಮ್ಮವು ಬಂದು ಮೂಸಿದವು. ಗುರುಗುಟ್ಟುವುದು ನಿಂತಿತು.

"ಸಾಹೇಬರಿಗೆ ನಾನು ಎಂತ ಬರೀಲಿ?" ಗುಮಾಸ್ತರು ಕೇಳಿದರು.

ಅಜ್ಜಿ ನಾಯಿಯ ಕೊರಳಪಟ್ಟಿ ಬಿಚ್ಚಿ ಅವರ ಕೈಗಿಟ್ಟಳು.

"ಗುಂಡು ಉಳೀತು ಅಂತ ಬರೀರಿ."