ನಗ್ರಿ ಕಾಮಣ್ಣ

ಇವತ್ತು ಹಳೆಯ ಕ್ಯಾಲೆಂಡರನ್ನು ಒಲೆಗೆ ಹಾಕಿದೆ. ನುಣುಪು ಕಾಗದ ಸುಡುವ ಆ ವಾಸನೆಗೆ ಜಗಳೂರಿನ ಒಂದು ಹೋಳಿಯ ಮಧ್ಯಾಹ್ನ ಎದ್ದು ಬಂತು.

ಅವ್ವ ಶೇಂಗಾ ಮಿಲ್ಲಿನಲ್ಲಿ ಕಾಳು ಆರಿಸುತ್ತಿದ್ದಳು. ಕೂಲಿಯವರ ಸಂಘದ ಮುಖಂಡನನ್ನು ಎಲ್ಲರೂ ಕಾಮ್ರೇಡ್ ಎನ್ನುತ್ತಿದ್ದರು. ಅಜ್ಜಿಯ ಬಾಯಲ್ಲಿ ಅವನು ಕಾಮಣ್ಣನಾಗಿದ್ದ. ರಷ್ಯಾದ ಬಣ್ಣದ ಪತ್ರಿಕೆ ಹಂಚುತ್ತಾ, "ನೋಡ್ರವ್ವ, ಅಲ್ಲಿ ಕೂಲಿಯವರು ಹೆಂಗೆ ನಗ್ತಾರೆ" ಎನ್ನುತ್ತಿದ್ದ. ಮಿಲ್ಲಿನ ಧೂಳಿಗೆ ಕೆಮ್ಮು ಹತ್ತಿದ ಅವ್ವನನ್ನು ಮಾಲೀಕ ಹೊರಗೆ ಹಾಕಿದಾಗ, ಅವನು ಮಾಲೀಕನ ಪಕ್ಕದಲ್ಲೇ ಕೂತು ಚಹಾ ಹೀರುತ್ತಿದ್ದ.

ಹೋಳಿಯಂದು ವರ್ಷವೂ ಸುಡುವ ಕಾಮಣ್ಣನ ಅಣಕು ಹೆಣ ಹೊರಟಿತು. ಆ ಹುಲ್ಲಿನ ಗೊಂಬೆಗೆ ಅವ್ವ ಪತ್ರಿಕೆಯ ನಗುಮುಖವನ್ನು ಗಂಜಿ ಹಚ್ಚಿ ಅಂಟಿಸಿದ್ದಳು. ಮುಖಂಡನ ಮನೆಯೆದುರು ಹೆಣ ಇಳಿಸಿ ಬಾಯಿ ಬಡಿದುಕೊಂಡಳು.

"ಅಯ್ಯೋ ನನ್ನ ಕಾಮಣ್ಣ, ಕೆಮ್ಮಾಕೆ ನಾವು, ನಗಾಕೆ ನೀನು!"

ಮಿಲ್ಲಿನ ಹೆಂಗಸರೆಲ್ಲ ದನಿಗೂಡಿಸಿದರು. ಅವನು ಕೆಂಡವಾಗಿ ಹೊರಬಂದ.

"ಹೋಳಿಯಾಗೆ ಸಿಟ್ಟಾಗಂಗಿಲ್ಲ," ಎಂದಳು ಅಜ್ಜಿ. "ನಗ್ರಿ ಕಾಮಣ್ಣ."

ಊರೇ ನೋಡುತ್ತಿತ್ತು. ಅವನು ಹಲ್ಲು ಕಿರಿದ. ಅವ್ವ ಗೊಂಬೆಗೆ ಕಡ್ಡಿ ಗೀರಿದಳು.

"ಇನ್ನೂ ನಗ್ರಿ," ಎಂದಳು. ಆ ಕಾಗದದ ಮುಖ ಸುಟ್ಟು ಬೂದಿಯಾಗುವವರೆಗೂ ಅವನನ್ನು ನಗಿಸಿದಳು.