ಬಾಣದ ಮುಂತುದಿ

"ಇದೆಲ್ಲ ನನ್ನ ಕೈಕೆಲಸ ಕಣೋ," ಎಂದು ಸಂಪತ್ ಬೇಟೆಯ ಬಾಣವೊಂದನ್ನು ಗೆಳೆಯ ಶಾನವಾಜ್‌ಗೆ ಕೊಟ್ಟಾಗ ಸಂಪತ್‌ನ ಹೆಂಡತಿ ಅರ್ಪಿತಾ ತಟ್ಟೆಗೆ ಚಕ್ಕುಲಿ ಹಾಕುತ್ತಿದ್ದಳು. ಐರ್ಲೆಂಡ್‌ನ ಬ್ಯಾಲಿನ್‌ಕೊಲಿಗ್ ಊರಿನ ಆ ಅಡುಗೆಮನೆಯಲ್ಲೇ ಕೂತು, ಹನ್ನೆರಡು ಟೊಳ್ಳು ಬಾಣಗಳ ಮುಂತುದಿಯೊಳಗೆ ಭಾರಕ್ಕೆಂದು ಹಿತ್ತಾಳೆಯ ತುಂಡು ಅಂಟಿಸಿ, ತುದಿ ಸೀಳಿಹೋಗದಿರಲೆಂದು ಹೊರಗೆ ಉಕ್ಕಿನ ಬಳೆ ತೊಡಿಸಿದವಳು ಅವಳು. ಮೂರು ಭಾನುವಾರ ಹಿಡಿದಿತ್ತು. ಗಂಡ ಆಗೆಲ್ಲ ಸೋಫಾದ ಮೇಲೆ ಮಲಗಿ ಹಂದಿ ಬೇಟೆಯ ವಿಡಿಯೊ ನೋಡುತ್ತಿದ್ದ. ಐರ್ಲೆಂಡ್‌ನಲ್ಲಿ ಬಿಲ್ಲಿನಿಂದ ಬೇಟೆಯಾಡುವಂತಿಲ್ಲ. ಹಾಗಾಗಿ ಗೆಳೆಯರಿಬ್ಬರೂ ಮುಂದಿನ ವಾರ ಬೇಟೆಗೆಂದು ಹಂಗೇರಿಗೆ ಹೊರಟಿದ್ದರು.

"ಸಕ್ಕತ್ತಾಗೈತೆ. ಅರ್ಪಿತಾನೂ ಹೆಲ್ಪ್ ಮಾಡಿದ್ರಾ?" ಎಂದ ಶಾನವಾಜ್.

"ಇವಳಾ? ಬಾಣದ ಹಿಂದು ಯಾವುದು, ಮುಂದು ಯಾವುದು ಅಂತಾನೇ ಇವಳಿಗೆ ಗೊತ್ತಿಲ್ಲ."

ಅರ್ಪಿತಾ ತಟ್ಟೆ ಕೆಳಗಿಟ್ಟಳು. "ಒಂದೇ ಬೆರಳ ಮೇಲೆ ನಿಲ್ಲಿಸಿ ತೋರಿಸು ಸಂಪತ್. ಮಾಡಿದವನಿಗೆ ಭಾರ ಎಲ್ಲಿದೆ ಅಂತ ಗೊತ್ತಿರತ್ತಲ್ಲ."

"ಅಷ್ಟೇನಾ? ಗ್ರ್ಯಾಂಡ್, ಆಯ್ತು ಬಿಡು." ಅವನು ಶಾನವಾಜ್‌ನಿಂದ ಬಾಣ ತೆಗೆದುಕೊಂಡು, ಅದರ ನಟ್ಟನಡುವೆ ಬೆರಳಿಟ್ಟು ಇನ್ನೊಂದು ಕೈ ಬಿಟ್ಟ. ಬಾಣ ಮುಂದಕ್ಕೆ ವಾಲಿ, ಟೈಲ್ಸ್ ಮೇಲೆ ಠಣ್ಣೆಂದು ಬಿತ್ತು.

"ಗಾಳಿ ಕಣೋ, ಕಿಟಕಿ ತೆಗೆದೈತೆ," ಎಂದ. ಕಿಟಕಿ ಮುಚ್ಚಿತ್ತು. ಶಾನವಾಜ್ ತಲೆ ತಗ್ಗಿಸಿ ಟೀ ಕಲಕತೊಡಗಿದ.

ಅರ್ಪಿತಾ ಬಾಣವನ್ನೆತ್ತಿ, ಮುಂತುದಿಯಿಂದ ಒಂದು ಗೇಣು ಹಿಂದೆ ಬೆರಳಿಟ್ಟಳು. ಅದು ಅಲುಗಾಡದೆ ನಿಂತಿತು. ಬೆವರಿದ ಮೂಗನ್ನು ಒರೆಸಿಕೊಳ್ಳುತ್ತಿದ್ದ ಗಂಡನನ್ನು ನೋಡಿದಾಗ ಅವಳಿಗೆ ಸಿಟ್ಟೂ ಬರಲಿಲ್ಲ. ಇಂಥವನ ಮೇಲೆ ಸಿಟ್ಟು ಕೂಡ ದಂಡ ಅನಿಸಿತು. ಹನ್ನೆರಡನ್ನೂ ಒಟ್ಟುಮಾಡಿ ತನ್ನ ಬೀರುವಿಗಿಟ್ಟು ಬೀಗ ಹಾಕಿದಳು.

"ನೀನು ಹೋಗಿ ಬಾ," ಎಂದಳು. "ಬಾಣ ಬರಲ್ಲ."